ಎತ್ತು ಚಕ್ಕಡಿಯನ್ನು ಜಗ್ಗಿದಷ್ಟೇ ಚಕ್ಕಡಿಯೂ ಎತ್ತನ್ನು ಜಗ್ಗಿದರೆ, ಗಾಡಿ ಹೊರಡುವುದು ಹೇಗೆ?

ಒಂದು ವಸ್ತು ಇನ್ನೊಂದನ್ನು ಎಷ್ಟು ಬಲದಿಂದ ತಳ್ಳುತ್ತದೋ ಜಗ್ಗುತ್ತದೋ, ಆ ಇನ್ನೊಂದೂ ಅಷ್ಟೇ ಬಲದಿಂದ ಅದನ್ನು ಎದುರು ದಿಕ್ಕಿಗೆ ತಳ್ಳುತ್ತದೆ, ಜಗ್ಗುತ್ತದೆ ಅನ್ನುವುದು ನ್ಯೂಟನ್‌ನ ಮೂರನೇ ನಿಯಮ. ಅದನ್ನು ಓದಿದ ನಿಮ್ಮ ಮಗಳ ತಕರಾರು ಅಂತ ನೀವು ಕೇಳಿದ್ದು ಇದು: ಎತ್ತು ಎಷ್ಟು ಬಲದಿಂದ ಚಕ್ಕಡಿಯನ್ನು ಮುಂದಕ್ಕೆ ಜಗ್ಗುತ್ತದೋ ಅಷ್ಟೇ ಬಲದಿಂದ ಚಕ್ಕಡಿ ಎತ್ತನ್ನು ಹಿಂದಕ್ಕೆ ಜಗ್ಗುತ್ತದೆ. ಸಮಕ್ಕೆ ಸಮ ಕಳೆದರೆ ಸೊನ್ನೆ. ಹಾಗಾದರೆ ಗಾಡಿ ನಿಂತಲ್ಲೇ ನಿಲ್ಲಬೇಕಲ್ಲ? ಒಂಬತ್ತನೇ ಇಯತ್ತೆಯಲ್ಲಿ ನಾನೂ ಇದನ್ನೇ ಕೇಳಿದ್ದೆ. "ನಿಯಮ ಬಾಯಿಪಾಠ ಮಾಡು, ಎರಡು ಮಾರ್ಕ್ಸ್ ಬರ್ತಾವ" ಅಂದು ಮಾಸ್ತರು ಹಾಳೆ ತಿರುವಿದರು. ಈಗ ಅದೇ ಪಾಠವನ್ನು ನಾನು ಹುಡುಗರಿಗೆ ಮಾಡುತ್ತೇನೆ. ವರ್ಷಕ್ಕೆ ಒಬ್ಬರಾದರೂ ಕೇಳೇ ಕೇಳುತ್ತಾರೆ.

"ಎತ್ತಿನ ಬಲ ಚೂರು ಹೆಚ್ಚಿರುತ್ತದೆ, ಅದಕ್ಕೇ ಗಾಡಿ ಹೋಗುತ್ತದೆ" ಅಂತ ಬಹಳ ಮಂದಿ ಹೇಳಿಬಿಡುತ್ತಾರೆ. ತಪ್ಪು. ಕೂದಲೆಳೆಯಷ್ಟೂ ಹೆಚ್ಚಿರುವುದಿಲ್ಲ. ಗಾಡಿ ನಿಂತಾಗಲೂ ಇಲ್ಲ, ಓಡುವಾಗಲೂ ಇಲ್ಲ, ಕೆಸರಲ್ಲಿ ಹೂತಾಗಲೂ ಇಲ್ಲ. ಎಡವಟ್ಟು ಆಗಿರುವುದು ಕಳೆಯುವ ಲೆಕ್ಕದಲ್ಲಿ. ಒಂದು ಬಲ ಬಿದ್ದದ್ದು ಚಕ್ಕಡಿಯ ಮೇಲೆ, ಇನ್ನೊಂದು ಎತ್ತಿನ ಮೇಲೆ. ನನ್ನ ಖಾತೆಯಿಂದ ನೂರು ರೂಪಾಯಿ ನಿಮ್ಮ ಖಾತೆಗೆ ಹೋಯಿತು ಅನ್ನಿ. ಹೋದದ್ದು ನೂರು, ಬಂದದ್ದು ನೂರು, ಒಟ್ಟು ಸೊನ್ನೆ, ಆದ್ದರಿಂದ ಇಬ್ಬರಿಗೂ ಏನೂ ಆಗಿಲ್ಲ ಅಂದರೆ ನಾನು ಒಪ್ಪುತ್ತೇನೆಯೇ? ಚಕ್ಕಡಿ ಹೋಗುತ್ತದೋ ಇಲ್ಲವೋ ನೋಡಲು ಚಕ್ಕಡಿಯ ಖಾತೆ ಮಾತ್ರ ತೆಗೆಯಬೇಕು. ಎತ್ತಿಗೆ ಎತ್ತಿನದೇ ಖಾತೆ.

ಎತ್ತಿನ ಖಾತೆ ತೆಗೆದರೆ ಅಲ್ಲಿ ಮೂರನೆಯವನೊಬ್ಬ ಕೂತಿರುತ್ತಾನೆ: ನೆಲ. ಇದು ನನಗೆ ಹೊಳೆದದ್ದು ಮುಧೋಳದ ಹತ್ತಿರ ನಮ್ಮ ಕಾಕಾನ ಕಬ್ಬಿನ ಹೊಲದಲ್ಲಿ. ಕಟಾವು ನಡೆದಿತ್ತು, ಅಕಾಲಕ್ಕೆ ಮಳೆ ಹೊಡೆದು ಎರಿ (ಕಪ್ಪು) ಮಣ್ಣು ಬೆಣ್ಣೆಯಂತಾಗಿತ್ತು. ಎರಡು ಟ್ರೇಲರ್ ತುಂಬಿ ಟ್ರ್ಯಾಕ್ಟರ್ ಎಬ್ಬಿಸಿದರೆ ಹಿಂದಿನ ದೊಡ್ಡ ಗಾಲಿ ಗರಗರ ತಿರುಗುತ್ತದೆ, ಕೆಸರು ಹಿಂದೆ ನಿಂತವರ ಮುಖಕ್ಕೆ ಹಾರುತ್ತದೆ, ಗಾಡಿ ಗೇಣು ಅಲುಗಲಿಲ್ಲ. ಎಕ್ಸಿಲೇಟರ್ ಒತ್ತಿದಷ್ಟೂ ಗುಂಡಿ ಆಳ. ಕಾಕಾ ಇಳಿದು ಬಂದು ಅಂದದ್ದು ಇಷ್ಟೇ: "ಇಂಜಿನ್‌ನ್ಯಾಗ ದಮ್ ಐತಿ, ನೆಲದಾಗ ಇಲ್ಲ. ಕಾಲ ಊರಾಕ ಜಾಗಾ ಬೇಕಲ್ಲೋ ಅದಕ್ಕ." ಗಾಲಿಯ ಬುಡಕ್ಕೆ ರವದಿ (ಕಬ್ಬಿನ ಒಣ ಗರಿ) ತುಂಬಿಸಿದ, ಹಿಂದಿನ ಟ್ರೇಲರ್ ಬಿಚ್ಚಿಸಿದ. ಟ್ರ್ಯಾಕ್ಟರ್ ಒಮ್ಮೆ ಮುಲುಕಿ ಹೊರಟೇಬಿಟ್ಟಿತು.

ಇಂಜಿನ್ ಅದೇ, ಚಾಲಕ ಅವನೇ. ಟೈರು ನೆಲವನ್ನು ಹಿಂದಕ್ಕೆ ತಳ್ಳಬೇಕು, ನೆಲ ಟೈರನ್ನು ಅಷ್ಟೇ ಬಲದಿಂದ ಮುಂದಕ್ಕೆ ತಳ್ಳಬೇಕು. ಹಸಿ ಎರಿಯಲ್ಲಿ ಘರ್ಷಣೆ ಕಡಿಮೆ, ತಳ್ಳಲು ಆಧಾರವೇ ಸಿಗುವುದಿಲ್ಲ. ರವದಿ ಕೊಟ್ಟದ್ದು ಆ ಆಧಾರ. ಉಳುಮೆಗೆ ಇಳಿಯುವ ಮುಂಚೆ ಹಿಂದಿನ ಟೈರಿಗೆ ಮುಕ್ಕಾಲು ನೀರು ತುಂಬಿಸುವುದೂ ಇದಕ್ಕೇ: ಭಾರ ಹೆಚ್ಚಿದಷ್ಟೂ ನೆಲದ ಹಿಡಿತ ಹೆಚ್ಚು.

ಮಗಳಿಗೆ ಅಂಕಿ ಬೇಕಾದರೆ ಇದನ್ನು ಕೊಡಿ. ಜೋಡೆತ್ತು 800 ಕೆಜಿ, ಚಕ್ಕಡಿ 500 ಕೆಜಿ. ಗೊರಸು ನೆಲವನ್ನು 700 ನ್ಯೂಟನ್ (ಬಲ ಅಳೆಯುವ ಮಾನ) ಹಿಂದಕ್ಕೆ ಒದೆಯುತ್ತದೆ, ನೆಲ ಎತ್ತನ್ನು 700 ಮುಂದಕ್ಕೆ ತಳ್ಳುತ್ತದೆ. ಚಕ್ಕಡಿಯ ಗಾಲಿಗೆ ಹಾದಿಯ ತಡೆ 440. ಎರಡೂ ಸೇರಿದ 1300 ಕೆಜಿಗೆ ಉಳಿದದ್ದು 260 ನ್ಯೂಟನ್, ಅಂದರೆ ವೇಗೋತ್ಕರ್ಷ 0.2: ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ 0.2 ಮೀಟರಿನಷ್ಟು ಏರುತ್ತದೆ. ಈಗ ನೊಗದ ಹತ್ತಿರ ಬನ್ನಿ. ಚಕ್ಕಡಿಯನ್ನು ಆ ವೇಗೋತ್ಕರ್ಷದಲ್ಲಿ ಒಯ್ಯಲು 100, ತಡೆಗೆ 440, ಒಟ್ಟು 540 ಬೇಕು. ಎತ್ತು ಚಕ್ಕಡಿಯನ್ನು 540ರಿಂದ ಜಗ್ಗುತ್ತದೆ, ಚಕ್ಕಡಿ ಎತ್ತನ್ನು 540ರಿಂದಲೇ ಜಗ್ಗುತ್ತದೆ. ಎತ್ತಿನ ಖಾತೆಯಲ್ಲಿ 700ರಲ್ಲಿ 540 ಕಳೆದು 160. ಅದನ್ನು 800ರಿಂದ ಭಾಗಿಸಿದರೆ ಮತ್ತೆ ಅದೇ 0.2. ಮೂರನೇ ನಿಯಮ ಎಲ್ಲೂ ಮುರಿಯಲಿಲ್ಲ, ಗಾಡಿಯೂ ಹೋಯಿತು.

ಐದು ಸೆಕೆಂಡಿಗೆ ನಡಿಗೆಯ ವೇಗ ಬಂದಮೇಲೆ ಎತ್ತು ಅಷ್ಟು ತಿಣುಕುವುದಿಲ್ಲ. 440 ಒದ್ದರೆ ಸಾಕು, ಅದು ಹಾದಿಯ ತಡೆಗೆ ಸರಿಹೋಗುತ್ತದೆ. ಆಗ ನಿಜಕ್ಕೂ ಚಕ್ಕಡಿಯ ಮೇಲಿನ ಒಟ್ಟು ಬಲ ಸೊನ್ನೆ, ಆದರೂ ಗಾಡಿ ಹೋಗುತ್ತಲೇ ಇರುತ್ತದೆ. ಬಲ ಬೇಕಾದದ್ದು ವೇಗ ಬದಲಿಸಲು, ವೇಗ ಇಟ್ಟುಕೊಳ್ಳಲು ಅಲ್ಲ. ಮಕ್ಕಳು ಇಲ್ಲಿ ಎರಡನೇ ಸಲ ಎಡವುತ್ತಾರೆ, ಎಚ್ಚರ.

'ಕ್ರಿಯೆ, ಪ್ರತಿಕ್ರಿಯೆ' ಅನ್ನುವ ಮಾತೇ ನನಗೆ ಸೇರುವುದಿಲ್ಲ. ಅವನು ಬೈದ, ಆಮೇಲೆ ಇವನು ಬೈದ ಅನ್ನುವ ಹಾಗೆ ಕೇಳುತ್ತದೆ. ಇಲ್ಲಿ ಮೊದಲು, ಆಮೇಲೆ ಇಲ್ಲ. ಎರಡೂ ಒಂದೇ ಗಳಿಗೆಗೆ. 1687ರಲ್ಲಿ ಈ ನಿಯಮ ಬರೆದ ನ್ಯೂಟನ್ ಕೂಡ ಹಗ್ಗ ಕಟ್ಟಿ ಕಲ್ಲು ಜಗ್ಗುವ ಕುದುರೆಯ ಉದಾಹರಣೆಯನ್ನೇ ಕೊಟ್ಟಿದ್ದಾನೆ: ಹಗ್ಗ ಎರಡೂ ಕಡೆ ಸಮನಾಗಿ ಬಿಗಿಯುತ್ತದೆ ಅಂತ. ನಮ್ಮ ಕಡೆ ಜಾತ್ರೆಗೆ ಎತ್ತುಗಳಿಂದ ಕಲ್ಲು ಜಗ್ಗಿಸುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಅಲ್ಲಿ ಹಳೆಯ ಮಂದಿ ಎತ್ತಿನ ಹೆಗಲಿಗಿಂತ ಹೆಚ್ಚು ಗೊರಸನ್ನೇ ನೋಡುತ್ತಾರೆ.

ಮನೆಯಲ್ಲಿ ನಂಬಿಸಬೇಕಾದರೆ ಹಗ್ಗ ಜಗ್ಗಾಟ ಆಡಿ. ನೀವು ಸಾಕ್ಸ್ ಹಾಕಿಕೊಂಡು ನುಣುಪು ಇಳಕಲ್ ಗ್ರಾನೈಟ್ ಮೇಲೆ ನಿಲ್ಲಿ, ಮಗಳು ಬರಿಗಾಲಲ್ಲಿ ಹೊಸ್ತಿಲಿಗೆ ಪಾದ ಕೊಟ್ಟು ನಿಲ್ಲಲಿ. ಹಗ್ಗದ ಎರಡೂ ತುದಿಗೆ ಬಲ ಒಂದೇ, ಜಾರಿ ಹೋಗುವವರು ಮಾತ್ರ ನೀವು. ಅವಳ ಬೆನ್ನ ಹಿಂದೆ ಒಂದು ಗಾದಿ ಹಾಕಿರಿ, ನೀವು ತಟ್ಟನೆ ಜಾರಿದಾಗ ಅವಳು ಹಿಂದಕ್ಕೆ ಬೀಳುತ್ತಾಳೆ.