ಆಪ್ತಸಲಹೆ ಪ್ರಕರಣ: “ಎರಡೂ ಜೋಕೇ ಅಲ್ವಾ, ಮೇಡಂ?”

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗಿಗೆ 16 ವರ್ಷ. ಮೊದಲ ಪಿಯುಸಿ, ಸೈನ್ಸ್. ಬಾಯಿ ಜಾಸ್ತಿ, ಉದ್ಧಟತನ ಅಂತ ಕಾಲೇಜಿನಿಂದ ದೂರು ಬಂದಿತ್ತು.

ಫಿಸಿಕ್ಸ್ ಲೆಕ್ಚರರ್ ಒಂದು ದಿನ ಸಿಟ್ಟಿನಲ್ಲಿ “ಹೀಗೇ ಆದ್ರೆ ನೀವೆಲ್ಲ ಫೇಲೇ” ಅಂದರಂತೆ. ಇವಳು ಎದ್ದು, “ಸರ್, ಫೇಲಾಗೋಕೂ ಪೋರ್ಷನ್ ಮುಗೀಬೇಕಲ್ವಾ, ಇನ್ನೂ ಮೂರು ಚಾಪ್ಟರ್ ಬಾಕಿ ಇದೆ” ಅಂದಳು. ಕ್ಲಾಸು ನಕ್ಕಿತು, ಅವರೂ ನಕ್ಕರು, ಆಮೇಲೆ ಎಕ್ಸ್‌ಟ್ರಾ ಕ್ಲಾಸ್ ಇಟ್ಟುಕೊಂಡು ಮುಗಿಸಿಯೂ ಕೊಟ್ಟರು.

ಇನ್ನೊಂದು ಕೆಮಿಸ್ಟ್ರಿ ಕ್ಲಾಸಿನದು. ಆ ಲೆಕ್ಚರರ್ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು. ಸ್ಟಾಯ್ಕಿಯೋಮೆಟ್ರಿ ಅನ್ನೋದನ್ನ ‘ಸ್ಟೋಚಿಯೋಮೆಟ್ರಿ’ ಅಂದರು. ಇವಳು ಕೈ ಎತ್ತಿ, ಅವರದೇ ದನಿ, ಅವರದೇ ರಾಗದಲ್ಲಿ, “ಸರ್, ಸ್ಟೋಚಿಯೋಮೆಟ್ರಿಲಿ ಒಂದು ಡೌಟು” ಅಂದಳು. ಕ್ಲಾಸು ಗೊಳ್ಳೆಂದಿತು. ಅವರು ಚಾಕ್‌ಪೀಸ್ ಮೇಜಿನ ಮೇಲಿಟ್ಟು ಹೊರಟುಹೋದರು.

“ಎರಡೂ ಜೋಕೇ ಅಲ್ವಾ, ಮೇಡಂ? ಇವರಿಗೆ ನಗೋಕೆ ಬರಲ್ಲ ಅಷ್ಟೇ.” ಅವಳು ನಿಜವಾಗಿಯೂ ಗೊತ್ತಾಗದೆ ಕೇಳಿದ್ದು.

ಮೊದಲನೆಯದನ್ನು ನಾನು ತಪ್ಪು ಅನ್ನುವುದೇ ಇಲ್ಲ, ಆ ಮೇಷ್ಟ್ರು ನಗದೆ ಸಿಟ್ಟಾಗಿದ್ದರೂ ನಾನು ಹಾಗನ್ನುತ್ತಿರಲಿಲ್ಲ. ಪೋರ್ಷನ್ ಬಾಕಿ ಇದ್ದದ್ದು ನಿಜ, ಅದಕ್ಕೆ ಅವರ ಹತ್ತಿರ ಉತ್ತರವೂ ಇತ್ತು. ಎರಡನೆಯದಕ್ಕೆ ಏನು ಉತ್ತರ ಕೊಡಬೇಕು ಹೇಳಿ? ತಿದ್ದಿಕೊಂಡರೂ ನಗು, ಗದರಿಸಿದರೂ ನಗು, ಅವರ ಪಾಠವನ್ನು ಬಿಟ್ಟು ಅವರು ಬೆಳೆದು ಬಂದ ದಾರಿಯನ್ನೇ ಎಲ್ಲರೆದುರು ಆಡಿಕೊಂಡ ಹಾಗಾಯಿತು. ಅದೇ ಕ್ಲಾಸಿನಲ್ಲಿ ಕನ್ನಡ ಮೀಡಿಯಂನಿಂದ ಬಂದು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೊಸದಾಗಿ ಕಲಿಯುತ್ತಿರುವ ಮಕ್ಕಳೂ ಇದ್ದಾರೆ. ಅವರು ಈಗ ಡೌಟ್ ಕೇಳ್ತಾರಾ ಅಂದೆ. ತುಂಬಾ ಹೊತ್ತು ಸುಮ್ಮನಿದ್ದು, “ಮೊದ್ಲು ಇಬ್ಬರು ಕೇಳ್ತಿದ್ರು. ಈಗ ಇಲ್ಲ” ಅಂದಳು. ನನಗೆ ಬೇಜಾರಾದದ್ದು ಅಲ್ಲಿ. ಮೇಷ್ಟ್ರು ಹೇಗೋ ಸುಧಾರಿಸಿಕೊಳ್ತಾರೆ, ಆ ಇಬ್ಬರ ಗತಿ?

ಅಮ್ಮನ ಜೊತೆ ಬೇರೆಯಾಗಿ ಮಾತಾಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಅವರು ಫೋನಿನಲ್ಲಿ ಇಂಗ್ಲಿಷ್ ಮಾತಾಡಿದರೆ ಅಪ್ಪ ಅದನ್ನೇ ಮಿಮಿಕ್ರಿ ಮಾಡಿ ನಗಿಸುತ್ತಾರೆ. ಮನೆಯವರೆಲ್ಲ ನಗುತ್ತಾರೆ, ಅಮ್ಮನೂ ನಗುತ್ತಾರೆ. “ಈಗ ಬ್ಯಾಂಕಿನಿಂದ ಫೋನ್ ಬಂದ್ರೆ ನಾನು ಎತ್ತೋದೇ ಇಲ್ಲ ಮೇಡಂ.” ಮಗಳು ಇದನ್ನು ನೋಡಿಕೊಂಡೇ ಬೆಳೆದವಳು.

ಹುಡುಗಿಗೆ ಹೇಳಿದ್ದು: ಸ್ಟಾಫ್‌ರೂಮಿಗೆ ಒಬ್ಬಳೇ ಹೋಗಿ ಕ್ಷಮೆ ಕೇಳು. “ತಮಾಷೆಗಂದೆ ಸರ್” ಅಂತ ಮಾತ್ರ ಸೇರಿಸಬೇಡ, ಆಮೇಲೆ ತಪ್ಪು ಅವರದೇ ಆಗಿಬಿಡುತ್ತೆ. ಕ್ಲಾಸಿನಲ್ಲೂ ಹೇಳಬೇಕಾ ಅಂತ ಅವರನ್ನೇ ಕೇಳು. ಪ್ರಾಕ್ಟಿಕಲ್‌ನ 30 ಅಂಕ ಅವರ ಕೈಲಿದೆ, ಅದಕ್ಕೇ ಕ್ಷಮೆ ಕೇಳಿಬಿಡ್ತೀನಿ ಅಂದಳು. ಹಾಗಾದರೆ ಈಗಲೇ ಬೇಡ, ಒಂದು ವಾರ ಬಿಟ್ಟು ಹೋಗು ಅಂದೆ. ಮತ್ತೆ, ಫಿಸಿಕ್ಸ್ ಕ್ಲಾಸಿನಲ್ಲಿ ಕೇಳಿದ ಹಾಗೆ ಕೇಳೋದನ್ನ ನಿಲ್ಲಿಸಬೇಡ ಅಂತಲೂ ಹೇಳಿದೆ. ಬಾಯಿ ಮುಚ್ಚಿಕೊಂಡಿರು ಅಂತ ಹೆಣ್ಣುಮಕ್ಕಳಿಗೆ ಹೇಳೋರು ಸಾಕಷ್ಟು ಜನ ಇದ್ದಾರೆ.

ಕಾಲೇಜಿನವರು ವಾರಗಟ್ಟಲೆ ಹೊರಗೆ ನಿಲ್ಲಿಸುವ ಯೋಚನೆಯಲ್ಲಿದ್ದರು. ಪಿಯುಸಿಗೆ ಶೇ 75 ಹಾಜರಾತಿ ಬೇಕು, ಜೊತೆಗೆ ಹೊರಗೆ ನಿಂತವಳು ಕ್ಲಾಸಿನ ಕಣ್ಣಿಗೆ ಹೀರೋ ಆಗ್ತಾಳೆ. ಬೇಡ ಅಂದೆ, ಒಪ್ಪಿದರು.

ಅಪ್ಪನಿಗೆ ನೇರವಾಗಿ ಹೇಳಿದೆ: ಮನೆಯಲ್ಲಿ ಮಿಮಿಕ್ರಿ ಇವತ್ತೇ ನಿಲ್ಲಬೇಕು, ಮಗಳ ಎದುರಿಗೇ ಹೆಂಡತಿ ಹತ್ತಿರ ತಪ್ಪಾಯ್ತು ಅನ್ನಬೇಕು. ಅವರಿಗೆ ಸಿಟ್ಟು ಬಂತು.

ಮಗಳು ಲೆಕ್ಚರರ್ ಹತ್ತಿರ ಮಾತಾಡಿದ್ದಾಳೆ. ಕ್ಲಾಸಿನಲ್ಲಿ ಹೇಳೋದು ಬೇಡ ಅಂದರಂತೆ. ಆದರೂ ಆ ಇಬ್ಬರ ಹತ್ತಿರ ತಾನಾಗಿಯೇ ಹೋಗಿ ಮಾತಾಡಿದಳಂತೆ, ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅಪ್ಪ ಮುಂದಿನ ಭೇಟಿಗೆ ಬರಲಿಲ್ಲ. ಅಮ್ಮ ಒಬ್ಬರೇ ಬರುತ್ತಿದ್ದಾರೆ, ಫೋನ್ ಎತ್ತುವುದರಿಂದ ಶುರು ಮಾಡಿದ್ದೇವೆ.