ರೇಸ್ ಲಾಯದಲ್ಲಿ ರೈಡಿಂಗ್ ಬಾಯ್ ಆಗಿದ್ದೆ, ಈಗ ಸವಾರಿ ಕಲಿಸುವ ಕೆಲಸ ಸಿಕ್ಕಿದೆ. ಅನುಭವ ಸಾಕಾ, ಇಲ್ಲಾ ಮೊದಲು ಬ್ರಿಟಿಷ್ ಹಾರ್ಸ್ ಸೊಸೈಟಿ ಸರ್ಟಿಫಿಕೇಟ್ ಮಾಡಲಾ?

ಬೇಜಾರು ಮಾಡ್ಕೋಬೇಡಿ, ನಿಮ್ಮ ಪ್ರಶ್ನೆ ಓದಿ ನಗು ಬಂತು. ನಾನೂ ಬೆಂಗಳೂರಿನ ರೇಸ್ ಲಾಯದಿಂದಲೇ ಬಂದವನು. ಮೀಸೆ ಚಿಗುರುವ ಮೊದಲೇ ಕೆಲಸಕ್ಕೆ ಸೇರಿದೆ. ಬೆಳಕು ಹರಿಯುವ ಮುಂಚೆ ಟ್ರ್ಯಾಕ್ ವರ್ಕ್, ಅಂದರೆ ಕುದುರೆಗಳಿಗೆ ಓಟದ ಅಭ್ಯಾಸ, ಆಮೇಲೆ ಕುದುರೆ ನೋಡಿಕೊಳ್ಳುವ ಸೈಸ್ ಜೊತೆ ಮಾಲೀಶು, ಗೊರಸು ಕೆರೆಯೋದು. ತೂಕ ಜಾಸ್ತಿ ಆದಮೇಲೆ ಅಲ್ಲಿ ನನಗೆ ಕೆಲಸವಿರಲಿಲ್ಲ. ಊರ ಹೊರಗಿನ ಒಂದು ಸವಾರಿ ಶಾಲೆಯವರು ಕರೆದರು, ಹೋದೆ. ಎಂಥೆಂಥ ಕುದುರೆ ಓಡಿಸಿದ್ದೀನಿ, ಕಲಿಸೋದೇನು ಮಹಾ ಅಂದುಕೊಂಡಿದ್ದೆ.

ಹೊಸಬರಿಗೆ ನಾನು ಹೇಳಿಕೊಡುತ್ತಿದ್ದದ್ದು ಇಷ್ಟೇ: ಮಂಡಿ ಬಿಗಿ ಹಿಡೀರಿ, ಮುಂದೆ ಬಾಗಿ, ನಿಲ್ಲಿಸಬೇಕಾ ಲಗಾಮು ಎಳೀರಿ.

ಈ ಕೊನೇ ಮಾತಿಗೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ. ಸವಾರಿ ಶಾಲೆಗಳಲ್ಲಿ ರೇಸಿನಿಂದ ನಿವೃತ್ತಿಯಾದ, ಓಟಕ್ಕೆಂದೇ ಬೆಳೆಸುವ ತಳಿಯ ಥರೋಬ್ರೆಡ್‌ಗಳು ಬೇಕಾದಷ್ಟು ಇರುತ್ತವೆ, ನಿಮಗೇ ಗೊತ್ತು. ಅವುಗಳಿಗೆ ಲಗಾಮು ಬಿಗಿ ಅಂದರೆ ನಿಲ್ಲು ಅಂತಲ್ಲ. ಓಡಿಸುವಾಗ ನಾವು ಏನು ಮಾಡುತ್ತಿದ್ದೆವು? ಎರಡೂ ಲಗಾಮನ್ನು ಕುತ್ತಿಗೆ ಮೇಲೆ ಅಡ್ಡ ಸೇರಿಸಿ ಬಿಗಿಯಾಗಿ ಹಿಡಿಯುತ್ತಿದ್ದೆವು. ಕುದುರೆ ಕಡಿವಾಣದ ಮೇಲೆ ಭಾರ ಬಿಟ್ಟು ಓಡುತ್ತಿತ್ತು. ವರ್ಕ್ ಮುಗಿಯಿತು ಅಂತ ಹೇಳೋಕೆ ಕೈ ಸಡಿಲ ಬಿಟ್ಟು ರಿಕಾಬಿನ (ಕಾಲಿಡುವ ಬಳೆಯ) ಮೇಲೆ ಎದ್ದು ನಿಲ್ಲುತ್ತಿದ್ದೆವು. ವರ್ಷಗಟ್ಟಲೆ ಆ ಕುದುರೆ ಕಲಿತ ಪಾಠ ಅದು. ಅದನ್ನು ಕಲಿಸಿದವರಲ್ಲಿ ನಾನೂ ಒಬ್ಬ. ಆದರೂ ಹೊಸಬರಿಗೆ ಹೇಳುವಾಗ ಲಗಾಮು ಬೈಕಿನ ಬ್ರೇಕ್ ಅನ್ನೋ ಹಾಗೆ ಹೇಳುತ್ತಿದ್ದೆ.

ಒಂದು ಬೆಳಿಗ್ಗೆ ಅರೀನಾದ ಬೇಲಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಕವರ್ ಪಟಪಟ ಅಂತು. ಕುದುರೆ ಬೆದರಿ ಒಂದು ಹೆಜ್ಜೆ ಪಕ್ಕಕ್ಕೆ ಹಾರಿತು, ಅಷ್ಟೇ. ಮೇಲಿದ್ದ ಹೆಣ್ಣುಮಗಳು ಗಾಬರಿಯಾಗಿ ನಾನು ಹೇಳಿಕೊಟ್ಟಂತೆಯೇ ಮಾಡಿದರು. ಮಂಡಿ ಬಿಗಿದರು, ಸೀಟು ಜೀನಿನಿಂದ ಮೇಲೆದ್ದಿತು. ಮುಂದೆ ಬಾಗಿದರು. ಲಗಾಮು ಎಳೆದರು. ಕೆಳಗಿನ ಕುದುರೆಗೆ ಇದು ಹೇಗೆ ಕೇಳಿಸಿರಬೇಕು ಹೇಳಿ? ಥೇಟ್ ಜಾಕಿ ಕೂತ ಹಾಗೆ! ಓಡಿತು. ನಾನು ನಡುವೆ ನಿಂತು "ಎಳೀರಿ ಮೇಡಂ, ಎಳೀರಿ" ಅಂತ ಕೂಗಿದೆ. ಅವರು ಎಳೆದಷ್ಟೂ ಅದು ಜೋರಾಯಿತು. ತಿರುವಿನಲ್ಲಿ ಬಿದ್ದರು, ಕಾಲರ್ ಬೋನ್ ಮುರಿಯಿತು. "ದೊಡ್ಡ ವೃತ್ತ ತಿರುಗಿಸಿ, ಒಳಗಿನ ಕೈಯ ಲಗಾಮು ಒಮ್ಮೆ ಹಿಡಿದು ಮತ್ತೆ ಸಡಿಲ ಬಿಡಿ, ಉಸಿರು ಬಿಟ್ಟು ಕೂತ್ಕೊಳ್ಳಿ" ಅಂದಿದ್ದರೆ ಸಾಕಿತ್ತೇನೋ. ಆಗ ನನಗೇ ಅದು ಗೊತ್ತಿರಲಿಲ್ಲ. ಅವರು ಮತ್ತೆ ಬರಲಿಲ್ಲ. ನನ್ನ ಕೆಲಸ ಹೋಯಿತು. ಕುದುರೆಗೆ ಹುಚ್ಚು ಅಂತ ಹೆಸರಿಟ್ಟು ಮಾರಿಬಿಟ್ಟರು. ನನಗೆ ಇವತ್ತಿಗೂ ಸಂಕಟ ಅದರದ್ದೇ. ಅದು ಕಲಿತದ್ದನ್ನೇ ಮಾಡಿತ್ತಲ್ವಾ?

ಆಮೇಲೆ ಒಬ್ಬ ನಿವೃತ್ತ ದಫೇದಾರರ ಹತ್ತಿರ ಹೋದೆ. 61ನೇ ಕ್ಯಾವಲ್ರಿಯಲ್ಲಿ, ಅಂದರೆ ಸೇನೆಯ ಕುದುರೆ ಪಡೆಯಲ್ಲಿ ಇದ್ದವರು. ನಮ್ಮ ಮಹಾರಾಜರ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1953ರಲ್ಲಿ ಸೇರಿಹೋಗಿದ್ದೂ ಅದಕ್ಕೇ. ಅವರು ನನ್ನನ್ನು ಒಂದು ಮುದಿ ಕುದುರೆ ಹತ್ತಿಸಿ, ರಿಕಾಬು ಕಿತ್ತುಕೊಂಡು, ಲಗಾಮನ್ನೂ ಕೊಡದೆ ಉದ್ದನೆ ಹಗ್ಗದಲ್ಲಿ ಸುತ್ತು ಹಾಕಿಸಿದರು. ಲಂಜಿಂಗ್ ಅಂತಾರಲ್ಲ, ಅದು. ಟ್ರಾಟ್, ಅಂದರೆ ಕುಲುಕು ಓಟ, ಶುರುವಾದದ್ದೇ ತಡ, ಗೋಣಿಚೀಲದ ಹಾಗೆ ಎಗರಾಡಿದೆ. "ಇಷ್ಟು ದಿನ ನಿನ್ನನ್ನು ರಿಕಾಬೇ ಹೊತ್ತಿದೆ ತಮ್ಮಾ, ನೀನು ಕೂತೇ ಇಲ್ಲ" ಅಂದರು. ನೊಣ ಕೂತರೆ ಚರ್ಮ ಅದುರಿಸುವ ಪ್ರಾಣಿ ಅದು. ನಮ್ಮ ಸೊಂಟ ಎಲ್ಲಿ ಬಿಗಿಯಾಯಿತು ಅನ್ನೋದು ಅದಕ್ಕೆ ಗೊತ್ತಾಗದೆ ಇರುತ್ತಾ? ಲಗಾಮು ಬಿಗಿ ಹಿಡಿದಾಗಲ್ಲ, ಸಡಿಲ ಬಿಟ್ಟಾಗ ಕುದುರೆ ಕಲಿಯುತ್ತೆ ಅಂತ ಅಲ್ಲೇ ನನಗೆ ಅರ್ಥವಾಗಿದ್ದು. ಬೆರಳು ಮುಚ್ಚು, ಕುದುರೆ ಒಂದಿಷ್ಟು ನಿಧಾನ ಮಾಡಿದ ಕೂಡಲೇ ತೆರೆ. ತೆರೆಯೋದು ತಡವಾದರೆ ಅದು ಏನೂ ಕಲಿಯಲ್ಲ, ಸುಮ್ನೆ ಬಾಯಿ ಗಟ್ಟಿಯಾಗಿ ಕಡಿವಾಣಕ್ಕೆ ಜಗ್ಗದಂತಾಗುತ್ತೆ.

ಇದು ನಮ್ಮವರು ಕಂಡುಹಿಡಿದದ್ದಲ್ಲ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ನಲ್ಲಿ ಹೊಸಬರನ್ನು ತಿಂಗಳುಗಟ್ಟಲೆ ಹೀಗೇ ಕೂರಿಸುತ್ತಾರೆ, ಅದೂ ಚೆನ್ನಾಗಿ ಪಳಗಿದ ಕುದುರೆ ಮೇಲೆ.

ಹಾಗಾಗಿ ಅನುಭವವೋ ಸರ್ಟಿಫಿಕೇಟೋ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ದುಡ್ಡಿದ್ದರೆ ಸರ್ಟಿಫಿಕೇಟ್ ಮಾಡಿ, ಕೆಲಸ ಸಿಗೋಕೆ ಅನುಕೂಲ. ಆದರೆ ನಿಮ್ಮ ರೇಸ್ ಅನುಭವ ಕಲಿಸೋಕೆ ಅರ್ಧ ಆಸ್ತಿ, ಅರ್ಧ ಸಾಲ. ಕುದುರೆಯ ಕಿವಿ, ಕಾಲಿನ ಬಿಸಿ, ಮೇವು ಬಿಟ್ಟಾಗಿನ ಲಕ್ಷಣ ನಿಮಗೆ ಗೊತ್ತು. ಸರ್ಟಿಫಿಕೇಟ್ ಹಿಡಿದು ಬರುವ ಎಷ್ಟೋ ಜನಕ್ಕೆ ಅದು ಗೊತ್ತಿರಲ್ಲ. ಕೂರುವ ವಿಷಯಕ್ಕೆ ಬಂದರೆ ಮಾತ್ರ ನೀವೂ ಹೊಸಬರೇ. ಮೊದಲು ನೀವು ಹಗ್ಗದಲ್ಲಿ ಸುತ್ತು ಹಾಕುವ ಕುದುರೆ ಮೇಲೆ ಕೂರಿ.

ವಿದ್ಯಾರ್ಥಿಗಳು ಬೇಗ ಜಂಪಿಂಗ್ ಕಲಿಸಿ ಅಂತ ಪೀಡಿಸುತ್ತಾರೆ. ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದದ್ದನ್ನು ಎಲ್ಲರೂ ನೆನಪಿಸುತ್ತಾರೆ. ಅವರ ಆಟವಾದ ಈವೆಂಟಿಂಗ್‌ನಲ್ಲಿ ಜಂಪಿಂಗ್‌ಗಿಂತ ಮೊದಲು ಡ್ರೆಸಾಜ್, ಅಂದರೆ ಕುದುರೆಯನ್ನು ಹೇಳಿದಂತೆ ಹದವಾಗಿ ನಡೆಸಿ ತೋರಿಸುವ ಸುತ್ತು ಇರುತ್ತೆ, ಅದರಲ್ಲಿ ಕೂರುವುದು ಬರದಿದ್ದರೆ ಮುಂದಿನದು ಕಷ್ಟ ಅಂತ ಹೇಳಿ ಸುಮ್ಮನಾಗಿಸಿ. ಒಪ್ಪದಿದ್ದರೆ ಬೇರೆ ಕಡೆ ಹೋಗಲಿ ಬಿಡಿ.

ಕೆಲಸಕ್ಕೆ ಸೇರಿದ ಮೊದಲ ವಾರವೇ ಆ ಶಾಲೆಯ ಒಂದೊಂದು ಕುದುರೆಯನ್ನೂ ನೀವೇ ಹತ್ತಿ ನೋಡಿ. ಟ್ರಾಟ್‌ನಲ್ಲಿ ಮೆಲ್ಲಗೆ ಲಗಾಮು ಬಿಗಿ ಮಾಡಿ. ಯಾವುದು ಕುತ್ತಿಗೆ ಚಾಚಿ ಮುಂದಕ್ಕೆ ನುಗ್ಗುತ್ತೋ ಅದರ ಹೆಸರು ಬರೆದಿಟ್ಟುಕೊಳ್ಳಿ. ಭಾನುವಾರ ರಶ್ ಇದೆ, ಕುದುರೆ ಸಾಲಲ್ಲ ಅಂತ ಮಾಲೀಕರು ಏನೇ ಹೇಳಲಿ, ಅದರ ಮೇಲೆ ಹೊಸಬರನ್ನು ಹತ್ತಿಸಬೇಡಿ.