ಸಾಸಿವೆ ಸೊಪ್ಪು ತಿಂದರೆ ಆರೋಗ್ಯಕ್ಕೆ ಏನು ಲಾಭ?

ದೊಡ್ಡ ಲಾಭ ವಿಟಮಿನ್ ಕೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು, ಮೂಳೆ ಗಟ್ಟಿಯಾಗಿರಲು ಅದು ಬೇಕೇ ಬೇಕು. ವಿಟಮಿನ್ ಎ, ಸಿ, ನಾರು ಕೂಡ ಚೆನ್ನಾಗಿವೆ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲೇ ಇರುವ ಆಕ್ಸಲೇಟ್ ಎಂಬ ಅಂಶ ಆ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಹಿಡಿದಿಟ್ಟುಕೊಳ್ಳುತ್ತದೆ. ಸಾಸಿವೆ ಸೊಪ್ಪಿನಲ್ಲಿ ಆಕ್ಸಲೇಟ್ ಕಡಿಮೆ, ಹಾಗಾಗಿ ಕ್ಯಾಲ್ಸಿಯಂ ಮೈಗೆ ಚೆನ್ನಾಗಿ ಹತ್ತುತ್ತದೆ. ಪಂಜಾಬಿನವರು ಚಳಿಗಾಲದಲ್ಲಿ ಇದನ್ನು ಪಾಲಕ್ ಜೊತೆ ಬೇಯಿಸಿ, ಮಸೆದು, ಮೇಲೆ ಬೆಣ್ಣೆ ಹಾಕಿ ಮೆಕ್ಕೆಜೋಳದ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ ಅಲ್ವಾ, ಆ ಬೆಣ್ಣೆ ಸುಮ್ನೆ ರುಚಿಗಲ್ಲ, ಎ ಮತ್ತು ಕೆ ವಿಟಮಿನ್ ಮೈಗೆ ಸೇರಲು ಕೊಬ್ಬು ಬೇಕು. ಜಾಸ್ತಿ ಬೇಯಿಸಿದರೆ ವಿಟಮಿನ್ ಸಿ ಹಾಳಾಗುತ್ತದೆ. ಎಳೆ ಎಲೆ ಆರಿಸಿ, ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಬಾಡಿಸಿ ಪಲ್ಯ ಮಾಡಿ, ಆ ಖಾರದ ಘಾಟೂ ತಗ್ಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೊಳ್ತಿದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಒಮ್ಮೆಲೇ ಜಾಸ್ತಿ ತಿನ್ನಬೇಡಿ.